ಹಳೇ ವೈರಿಂಗ್ ಮನೆಯಲ್ಲಿ ಸ್ವಿಚ್ ಬದಲಾಯಿಸಿದ್ದು

ನಮ್ಮದು ಮಲೆನಾಡಿನ ಹೆಂಚಿನ ಮನೆ. ಗೋಡೆ ಮಣ್ಣಿನದು, ವೈರಿಂಗ್ ಪೂರ್ತಿ ಹೊರಗೇ ಕಾಣುತ್ತದೆ. ಮರದ ಪಟ್ಟಿ, ಅದರ ಮೇಲೆ ತಗಡಿನ ಕ್ಲಿಪ್ಪಿನಲ್ಲಿ ಕೂರಿಸಿದ ವೈರು, ಕಪ್ಪು ಬೇಕಲೈಟಿನ ಗುಂಡನೆ ಸ್ವಿಚ್ಚುಗಳು. ಕೆಲವು ಚಿಟಿಚಿಟಿ ಅನ್ನುತ್ತಿದ್ದವು. ಒಂದೆರಡು ಮುಟ್ಟಿದರೆ ಬೆಚ್ಚಗಿದ್ದವು. ದೀಪದ ಸ್ವಿಚ್ ಬಿಸಿಯಾಗುವುದು ಒಳ್ಳೇದಲ್ಲ. ಸ್ಕ್ರೂ ಸಡಿಲ ಆಗಿರುತ್ತದೆ, ಇಲ್ಲವೇ ಒಳಗಿನ ಲೋಹದ ಪಟ್ಟಿ ಸುಟ್ಟಿರುತ್ತದೆ. ಅದಕ್ಕೇ ಎಲ್ಲವನ್ನೂ ಬದಲಾಯಿಸಲು ಹೊರಟೆ.

ಮೊದಲ ಕೆಲಸ ಮೀಟರ್ ಬೋರ್ಡಿನ ಹತ್ತಿರ. ಹಳೇ ಮನೆಗಳಲ್ಲಿ ಎರಡು ಪಿಂಗಾಣಿ ಫ್ಯೂಸ್ ಇರುತ್ತವೆ, ಒಂದು ಫೇಸಿಗೆ (ಕರೆಂಟ್ ಬರುವ ವೈರು), ಒಂದು ನ್ಯೂಟ್ರಲ್‌ಗೆ (ವಾಪಸ್ ಹೋಗುವ ವೈರು). ನ್ಯೂಟ್ರಲ್ ಫ್ಯೂಸ್ ಒಂದನ್ನೇ ಕಿತ್ತರೂ ದೀಪ ಆರುತ್ತದೆ, ಆದರೆ ವೈರಿನಲ್ಲಿ 230 ವೋಲ್ಟ್ ಹಾಗೇ ಉಳಿಯುತ್ತದೆ. ದೀಪ ಆರಿತು ಅಂತ ಕೈ ಹಾಕಿದರೆ ಜೀವಕ್ಕೇ ಅಪಾಯ. ನಾನು ಮೇನ್ ಸ್ವಿಚ್ ಆಫ್ ಮಾಡಿ, ಎರಡೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ‘ಕರೆಂಟ್ ಯಾಕೋ ಹೋಗಿದೆ’ ಅಂತ ಮತ್ತೆ ಸಿಕ್ಕಿಸಿಬಿಡಬಹುದು, ಅಲ್ವಾ? ಟೆಸ್ಟರ್ ಸರಿಯಿದೆಯಾ ಅಂತ ಮೊದಲೇ ಕರೆಂಟ್ ಇರುವ ಪ್ಲಗ್ಗಿನಲ್ಲಿ ನೋಡಿಕೊಳ್ಳಬೇಕು. ಕೆಟ್ಟ ಟೆಸ್ಟರ್ ಕೂಡ ‘ಕರೆಂಟ್ ಇಲ್ಲ’ ಅಂತಲೇ ಹೇಳುತ್ತದೆ.

ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥಿಂಗ್ ಅನ್ನುವುದು ಕ್ರಮ. ನಮ್ಮಲ್ಲಿ ಎಲ್ಲ ವೈರೂ ಒಂದೇ ಬಣ್ಣ. ಹಾಗಾಗಿ ಬಿಚ್ಚುವ ಮೊದಲು, ಫ್ಯೂಸ್ ಕೀಳುವ ಮುಂಚೆ ಕರೆಂಟ್ ಇರುವಾಗಲೇ, ಪ್ರತಿ ಪಾಯಿಂಟಿನಲ್ಲೂ ಒಂದು ಪರೀಕ್ಷೆ ಮಾಡಿದೆ. ಬಲ್ಬ್ ತೆಗೆದು, ಸ್ವಿಚ್ ಆಫ್ ಮಾಡಿ, ಹೋಲ್ಡರಿನ ಎರಡೂ ಪಿನ್ನಿಗೆ ಟೆಸ್ಟರ್ ಹಿಡಿದು ನೋಡುವುದು. ಎರಡರಲ್ಲೂ ಉರಿಯಬಾರದು. ಒಂದರಲ್ಲಿ ಚೆನ್ನಾಗಿ ಉರಿದರೆ ಸ್ವಿಚ್ ಕೂತಿರುವುದು ನ್ಯೂಟ್ರಲ್ ಮೇಲೆ. ಸ್ವಿಚ್ ಆಫ್ ಇದ್ದರೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ. ಬಲ್ಬ್ ಬದಲಾಯಿಸುವವರಿಗೆ ಶಾಕ್ ಹೊಡೆಯುವುದು ಹೀಗೇ. ಆಫ್ ಮಾಡಿದ ಮೇಲೂ ಎಲ್‌ಇಡಿ ಬಲ್ಬ್ ರಾತ್ರಿಯಿಡೀ ಮಂಕಾಗಿ ಮಿನುಗಲು ಇದೂ ಒಂದು ಕಾರಣ. ನಮ್ಮ ಬಚ್ಚಲು, ಹಿಂದಿನ ಜಗಲಿ ಎರಡೂ ಹೀಗಿದ್ದವು. ಫ್ಯೂಸ್ ಕಿತ್ತು, ಆ ಕಡೆಗೆ ಲೈನ್ ಕವಲೊಡೆಯುವ ಜಾಗದಲ್ಲೇ ಎರಡು ವೈರನ್ನು ಅದಲು ಬದಲು ಮಾಡಿ, ಕರೆಂಟ್ ಕೊಟ್ಟು ಮತ್ತೆ ಪರೀಕ್ಷಿಸಿದೆ.

ಸ್ವಿಚ್ ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೋ. ಒಂದೇ ಸ್ಕ್ರೂವಿನಲ್ಲಿ ಎರಡು ವೈರ್ ಇದ್ದರೆ ಅದು ಲೂಪ್, ಅಂದರೆ ಅಲ್ಲಿಂದಲೇ ಮುಂದಕ್ಕೆ ಕರೆಂಟ್ ಹೋಗುತ್ತದೆ. ಬಿಟ್ಟುಹೋದರೆ ಪಕ್ಕದ ಕೋಣೆಯ ದೀಪ ಹತ್ತುವುದಿಲ್ಲ.

ವೈರು ಹೆಚ್ಚಿನದು ಅಲ್ಯೂಮಿನಿಯಂ. ಸಿಪ್ಪೆ ತೆಗೆಯುವಾಗ ಸ್ವಲ್ಪ ಗೀರು ಬಿದ್ದರೂ ಅಲ್ಲೇ ಮುರಿಯುತ್ತದೆ. ತುದಿಯನ್ನು ಮಡಿಚಿ ಜೋಡಿ ಮಾಡಿ ಸ್ಕ್ರೂ ಅಡಿ ಕೂರಿಸಿದೆ. ವೈರ್ ಗಿಡ್ಡವಾದ ಕಡೆ ತಾಮ್ರದ ತುಂಡನ್ನು ಸುತ್ತಿ ಟೇಪ್ ಹಾಕುವುದು ಬೇಡವೇ ಬೇಡ. ಆ ಜೋಡಣೆ ದಿನ ಹೋದಂತೆ ತುಕ್ಕು ಹಿಡಿದು ಬಿಸಿಯಾಗುತ್ತದೆ, ನಮ್ಮ ಕಡೆಯ ಥಂಡಿಗೆ ಇನ್ನೂ ಬೇಗ.

ಮಾಡ್ಯುಲರ್ ಸ್ವಿಚ್ಚಿನ ಆಸೆ ಇತ್ತು. ಆದರೆ ಡಬ್ಬಿ ಹುಗಿಯಲು ಮಣ್ಣಿನ ಗೋಡೆ ಕೊರೆದರೆ ಉದುರುತ್ತಲೇ ಹೋಗುತ್ತದೆ. ದೀಪದ ಪಾಯಿಂಟುಗಳಿಗೆ ಅರ್ಥಿಂಗ್ ಬೇರೆ ಇಲ್ಲ, ಹಾಗಾಗಿ ಲೋಹದ ಡಬ್ಬಿ, ಲೋಹದ ಪ್ಲೇಟ್ ಸರಿಯಲ್ಲ. ಗೋಡೆಯ ಮೇಲೇ ಕೂರುವ ಪಿವಿಸಿ ಡಬ್ಬಿ, ಮಾಮೂಲಿ 6 ಆಂಪ್ ಪಿಯಾನೋ ಸ್ವಿಚ್ ಹಾಕಿದೆ. ಹಳೇ ಮರದ ಗೂಟಗಳೇ ಸ್ಕ್ರೂ ಹಿಡಿದವು. ಡಬ್ಬಿಯ ಸಂದುಗಳನ್ನು ಮುಚ್ಚಿದೆ, ಹಲ್ಲಿ ಒಳಗೆ ಸೇರದಂತೆ.

ಅಟ್ಟದ ಕಡೆ ರಬ್ಬರ್ ಮೇಲೆ ಹತ್ತಿ ನೂಲು ಸುತ್ತಿದ ವೈರಿತ್ತು. ಬೆರಳು ತಾಗಿದರೆ ರಬ್ಬರ್ ಪುಡಿಯಾಗಿ ಉದುರಿತು. ಅದಕ್ಕೆ ಹೊಸ ಸ್ವಿಚ್ ಹಾಕುವುದರಲ್ಲಿ ಅರ್ಥವಿಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ಆ ಭಾಗಕ್ಕೆ 1.5 ಚದರ ಮಿ.ಮೀ. ತಾಮ್ರದ ವೈರ್ ಎಳೆದರು. ಮೇನ್ ಹತ್ತಿರ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಕೂಡ ಹಾಕಿಸಿದೆ.

ಮಳೆಗಾಲ ಮುಗಿದ ಮೇಲೆ, ಮತ್ತೆ ಮೇನ್ ಆಫ್ ಮಾಡಿ, ಅಲ್ಯೂಮಿನಿಯಂ ಕೂತ ಸ್ಕ್ರೂಗಳನ್ನೆಲ್ಲ ಇನ್ನೊಮ್ಮೆ ಬಿಗಿ ಮಾಡಿದೆ. ಕೆಲವು ಅರ್ಧ ಸುತ್ತು ಹಿಡಿದವು.