ಕರ್ನೆಲ್ ಜೊತೆ ನೇರ ಮಾತು: ನೆಟ್‌ಲಿಂಕ್ ಸಾಕೆಟ್‌ನಿಂದ ಐಪಿ ಅಡ್ರೆಸ್, ರೂಟ್ ಹಾಕುವುದು ಹೇಗೆ

ಬಸವನಗುಡಿಯಲ್ಲಿ ನಮ್ಮದೊಂದು ಪುಟ್ಟ ಆಫೀಸು, ಎರಡನೇ ಮಹಡಿ. ಇಂಟರ್ನೆಟ್‌ಗೆ ಎರಡು ದಾರಿ, ಒಂದು ಫೈಬರ್, ಇನ್ನೊಂದು ಯುಎಸ್‌ಬಿ ಡಾಂಗಲ್. ಎರಡು ಯಾಕೆ ಅಂತ ಬೆಂಗಳೂರಿನವರು ಕೇಳುವುದಿಲ್ಲ. ರಸ್ತೆ ಯಾರಾದರೂ ಅಗೆಯುತ್ತಲೇ ಇರುತ್ತಾರೆ, ಅಗೆದಾಗೆಲ್ಲ ಫೈಬರ್ ಹೋಗುತ್ತದೆ. ಹೋದ ಕೂಡಲೇ ಡೀಫಾಲ್ಟ್ ರೂಟನ್ನು (ಬೇರೆ ದಾರಿ ಹೇಳದ ಟ್ರಾಫಿಕ್ ಎಲ್ಲ ಹೋಗುವ ದಾರಿ) ಡಾಂಗಲ್ ಕಡೆ ತಿರುಗಿಸಲು ನಾನೊಂದು ಶೆಲ್ ಸ್ಕ್ರಿಪ್ಟ್ ಬರೆದಿದ್ದೆ. 'ಐಪಿ ರೂಟ್' ಕಮಾಂಡ್ ಓಡಿಸಿ, ಅದು ಪ್ರಿಂಟ್ ಮಾಡಿದ ಸಾಲಿನ ಐದನೇ ಪದ ಎತ್ತಿಕೊಂಡರೆ ಇಂಟರ್ಫೇಸ್ (ಮೆಷಿನ್‌ನ ನೆಟ್‌ವರ್ಕ್ ಬಾಗಿಲು) ಹೆಸರು ಸಿಕ್ಕಿತು ಅಂತ ನನ್ನ ಲೆಕ್ಕ. ಫೈಬರ್ ಇದ್ದಾಗ ಸರಿಯಾಗೇ ಇತ್ತು: 'ಡೀಫಾಲ್ಟ್ ವಯಾ 192.168.1.1 ಡೆವ್ ಈಥ್0', ಐದನೆಯದು ಈಥ್0. ಡಾಂಗಲ್‌ಗೆ ಗೇಟ್‌ವೇ (ಟ್ರಾಫಿಕ್ ಮುಂದೆ ದಾಟಿಸುವ ಮೆಷಿನ್‌ನ ಅಡ್ರೆಸ್) ಇಲ್ಲ, ಹಾಗಾಗಿ ಸಾಲು 'ಡೀಫಾಲ್ಟ್ ಡೆವ್ ಪಿಪಿಪಿ0 ಸ್ಕೋಪ್ ಲಿಂಕ್' ಅಂತ ಬರುತ್ತದೆ. ನನ್ನ ಸ್ಕ್ರಿಪ್ಟ್ 'ಲಿಂಕ್' ಎಂಬ ಹೆಸರಿನ ಇಂಟರ್ಫೇಸ್ ಹುಡುಕುತ್ತಾ ಅರ್ಧ ದಿನ ಕೂತಿತ್ತು.

ಮನುಷ್ಯರು ಓದಲಿ ಅಂತ ಪ್ರಿಂಟ್ ಮಾಡಿದ ಅಕ್ಷರಗಳನ್ನು ಪ್ರೋಗ್ರಾಮ್ ಕೈಗೆ ಕೊಟ್ಟರೆ ಹೀಗೇ ಆಗುವುದು. 'ಐಪಿ' ಕಮಾಂಡ್ ತಾನೇ ಕರ್ನೆಲ್ (ಲಿನಕ್ಸ್‌ನ ತಿರುಳು) ಜೊತೆ ನೆಟ್‌ಲಿಂಕ್ ಎಂಬ ಸಾಕೆಟ್‌ನಲ್ಲಿ, ಅಂದರೆ ಮೆಸೇಜು ಕಳಿಸಿ ಪಡೆಯುವ ಕಿಂಡಿಯಲ್ಲಿ, ಮಾತಾಡುತ್ತದೆ. ಆ ಸಾಕೆಟ್ ನಮಗೂ ತೆರೆಯಲು ಬರುತ್ತದಲ್ವಾ? ಅದನ್ನೇ ಇಲ್ಲಿ ಹೇಳುತ್ತೇನೆ. ಉದಾಹರಣೆಗಳು ಪೈಥಾನ್ ಮನಸ್ಸಿನಲ್ಲಿಟ್ಟು ಬರೆದವು, ಸಿ ಆದರೂ ಬೈಟ್‌ಗಳು ಅವೇ. ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ಹೆಡರ್ ಫೈಲಿನಲ್ಲಿ ಹುಡುಕಿಕೊಳ್ಳಲು ಪಕ್ಕದಲ್ಲಿ ಸಂಖ್ಯೆಯೂ ಇದೆ.

ಹಳೇ ದಾರಿ ಐಆಕ್ಟಲ್ ಎಂಬ ಸಿಸ್ಟಮ್ ಕಾಲ್. ಒಂದು ಮಾಮೂಲಿ ಸಾಕೆಟ್ ತೆರೆದು, 16 ಬೈಟಿನ ಹೆಸರಿನ ಜಾಗ ಇರುವ ಒಂದು ಸ್ಟ್ರಕ್ಚರ್ ತುಂಬಿ, ಕರ್ನೆಲ್‌ಗೆ ಕೊಡುವುದು. 'ಇಫ್‌ಕಾನ್ಫಿಗ್' ಇವತ್ತಿಗೂ ಹಾಗೇ ಕೆಲಸ ಮಾಡುತ್ತದೆ. ಒಂದು ಹೆಸರಿಗೆ ಒಂದೇ ಐಪಿವಿ4 ಅಡ್ರೆಸ್. ಎರಡನೆಯದು ಬೇಕಾದರೆ 'ಈಥ್0:1' ಅಂತ ಸುಳ್ಳು ಹೆಸರು ಕಟ್ಟಬೇಕು. ಲಿನಕ್ಸ್ 2.2 ರಲ್ಲಿ ನೆಟ್‌ಲಿಂಕ್ ಸಾಕೆಟ್ ಬಂತು, 2003ರಲ್ಲಿ ಅದರ ವಿವರಣೆ ಆರ್‌ಎಫ್‌ಸಿ 3549 ಎಂಬ ಇಂಟರ್ನೆಟ್ ದಾಖಲೆಯಾಗಿ ಹೊರಬಂತು. ಹೊಸದಾಗಿ ಏನಾದರೂ ಬರೆಯುವುದಾದರೆ ಐಆಕ್ಟಲ್ ಕಡೆ ತಲೆ ಹಾಕಬೇಡಿ.

ಶುರು ಮಾಡುವ ಮೊದಲು ಒಂದು ಆಟದ ಬಯಲು ಬೇಕು. ದೂರದ ಮೆಷಿನ್‌ಗೆ ಲಾಗಿನ್ ಆಗಿ ಅದರ ಮೇಲೇ ಪ್ರಯೋಗ ಮಾಡುವುದೆಂದರೆ ಕೂತ ಕೊಂಬೆಯನ್ನೇ ಕಡಿದ ಹಾಗೆ. ನಾನು ಒಮ್ಮೆ ಕಡಿದಿದ್ದೇನೆ. ಮೆಷಿನ್ ವೈಟ್‌ಫೀಲ್ಡ್‌ನಲ್ಲಿತ್ತು, ಆಗಿನ್ನೂ ಅಲ್ಲಿಗೆ ಮೆಟ್ರೊ ಇರಲಿಲ್ಲ, ಉಳಿದದ್ದು ನಿಮ್ಮ ಊಹೆಗೆ ಬಿಟ್ಟದ್ದು. 'ಅನ್‌ಶೇರ್' ಕಮಾಂಡ್‌ಗೆ ಆರ್, ಎನ್ ಎಂಬ ಎರಡು ಆಯ್ಕೆ ಕೊಟ್ಟರೆ ನಿಮಗೇ ಅಂತ ಒಂದು ಬೇರೆ ನೆಟ್‌ವರ್ಕ್ ಜಗತ್ತು ಸಿಗುತ್ತದೆ, ಅದರೊಳಗೆ ನೀವೇ ರೂಟ್ ಯೂಸರ್. ಉಬುಂಟು 24.04 ರಲ್ಲಿ ಆಪ್‌ಆರ್ಮರ್ ಎಂಬ ಭದ್ರತಾ ಕಾವಲು ಇದಕ್ಕೆ ಅಡ್ಡ ಬರುತ್ತದೆ, ಆಗ ಸುಡೋ ಸೇರಿಸಿ ಎನ್ ಮಾತ್ರ ಕೊಡಿ. ಒಳಗೆ ಹೋದ ಮೇಲೆ 'ಡಮ್ಮಿ' ಜಾತಿಯ ಒಂದು ಇಂಟರ್ಫೇಸ್ ಮಾಡಿಕೊಳ್ಳಿ. ಏನು ಕೆಟ್ಟರೂ ಶೆಲ್ ಮುಚ್ಚಿದರೆ ಎಲ್ಲ ಮಾಯ.

ಸಾಕೆಟ್ ತೆರೆಯುವುದು

ಮೂರು ಸಂಖ್ಯೆ ಸಾಕು. ಫ್ಯಾಮಿಲಿ ಎಎಫ್ ನೆಟ್‌ಲಿಂಕ್ (16), ಬಗೆ ರಾ (3), ಪ್ರೋಟೊಕಾಲ್ ನೆಟ್‌ಲಿಂಕ್ ರೂಟ್ (0). ಪ್ರೋಟೊಕಾಲ್ ಹೆಸರಲ್ಲಿ ರೂಟ್ ಇದ್ದರೂ ಲಿಂಕ್, ಅಡ್ರೆಸ್ ಎಲ್ಲ ಇಲ್ಲೇ. ಬೈಂಡ್ ಮಾಡುವಾಗ (ಸಾಕೆಟ್‌ಗೆ ವಿಳಾಸ ಕೊಡುವಾಗ) ಪಿಡ್ ಜಾಗಕ್ಕೆ 0, ಗುಂಪಿನ ಜಾಗಕ್ಕೂ 0. ಪಿಡ್ ಅಂದ ಕೂಡಲೇ ಪ್ರೋಸೆಸ್ ನಂಬರ್ ಅಂದುಕೊಂಡು ಅದನ್ನೇ ತುಂಬಬೇಡಿ. ಅದು ಈ ಸಾಕೆಟ್‌ನ ವಿಳಾಸ ಅಷ್ಟೇ, 0 ಕೊಟ್ಟರೆ ಕರ್ನೆಲ್ ತಾನೇ ಒಂದನ್ನು ಕೊಡುತ್ತದೆ. ಒಂದೇ ಪ್ರೋಗ್ರಾಮಿನಲ್ಲಿ ಎರಡು ಸಾಕೆಟ್ ತೆರೆದು ಎರಡಕ್ಕೂ ಪ್ರೋಸೆಸ್ ನಂಬರ್ ತುಂಬಿದರೆ ಎರಡನೆಯದು ಬೈಂಡ್ ಆಗುವುದಿಲ್ಲ. ಕಳಿಸುವಾಗ ಎದುರು ಕಡೆಯ ಪಿಡ್ 0 ಅಂದರೆ ಕರ್ನೆಲ್.

ಮೆಸೇಜು ಟಿಫಿನ್ ಕ್ಯಾರಿಯರ್ ಇದ್ದ ಹಾಗೆ, ಒಂದರ ಮೇಲೊಂದು ಡಬ್ಬಿ. ಮೊದಲನೆಯದು 16 ಬೈಟಿನ ಹೆಡರ್: ಒಟ್ಟು ಉದ್ದ (4 ಬೈಟ್), ಬಗೆ (2), ಫ್ಲ್ಯಾಗ್ (2), ಕ್ರಮಸಂಖ್ಯೆ (4), ಪಿಡ್ (4). ಕ್ರಮಸಂಖ್ಯೆ ದರ್ಶಿನಿಯ ಟೋಕನ್ ತರ, ನೀವು ಬರೆದು ಕಳಿಸಿದ ನಂಬರೇ ಉತ್ತರದ ಮೇಲೂ ಇರುತ್ತದೆ, ಯಾವ ಉತ್ತರ ಯಾವ ಕೇಳಿಕೆಯದ್ದು ಅಂತ ಅದರಿಂದಲೇ ಗೊತ್ತಾಗುವುದು. ಎರಡನೇ ಡಬ್ಬಿ ವಿಷಯಕ್ಕೆ ತಕ್ಕಂತೆ: ಅಡ್ರೆಸ್ ಆದರೆ 8 ಬೈಟ್, ರೂಟ್ ಆದರೆ 12, ಲಿಂಕ್ ಆದರೆ 16. ಅದರ ಮೇಲೆ ಎಷ್ಟು ಬೇಕೋ ಅಷ್ಟು ಆಟ್ರಿಬ್ಯೂಟ್‌ಗಳು. ಪ್ರತಿಯೊಂದಕ್ಕೂ ಉದ್ದಕ್ಕೆ 2 ಬೈಟ್, ಬಗೆಗೆ 2 ಬೈಟ್, ಆಮೇಲೆ ಮೌಲ್ಯ.

ಎಲ್ಲರೂ ಎಡವುವುದು ಇಲ್ಲಿ. ಪ್ರತಿ ಆಟ್ರಿಬ್ಯೂಟ್ 4ರ ಗಡಿಯಲ್ಲಿ ಶುರುವಾಗಬೇಕು, ಆದರೆ ಉದ್ದದ ಜಾಗದಲ್ಲಿ ತುಂಬಿಸಿದ ಖಾಲಿ ಬೈಟ್‌ಗಳ ಲೆಕ್ಕ ಸೇರಬಾರದು. 'ಡಮ್ಮಿ0' ಎಂಬ ಹೆಸರು ಇಂಗ್ಲಿಷಿನಲ್ಲಿ 6 ಅಕ್ಷರ, ಕೊನೆಯ ಸೊನ್ನೆ ಸೇರಿ 7, ಜೊತೆಗೆ ಹೆಡರ್ 4, ಒಟ್ಟು 11. ಬರೆಯಬೇಕಾದದ್ದು 11, ಮುಂದಿನದು ಶುರುವಾಗುವುದು 12ರಲ್ಲಿ.

ಅಡ್ರೆಸ್ ಹಾಕೋಣ

ಡಮ್ಮಿ ಇಂಟರ್ಫೇಸ್‌ಗೆ 10.77.0.1/24 ಹಾಕಬೇಕು ಅಂತಿಟ್ಟುಕೊಳ್ಳಿ. ಕರ್ನೆಲ್‌ಗೆ ಇಲ್ಲಿ ಹೆಸರು ಬೇಡ, ಇಂಡೆಕ್ಸ್ ನಂಬರ್ ಬೇಕು. ಪೈಥಾನ್‌ನ ಸಾಕೆಟ್ ಮಾಡ್ಯೂಲ್‌ನಲ್ಲಿ 'ಇಫ್ ನೇಮ್ ಟು ಇಂಡೆಕ್ಸ್' ಇದೆ, ಅದನ್ನು ಕೇಳಿ. ನನ್ನಲ್ಲಿ 2 ಬಂತು. ಬಗೆ 20, ಅಂದರೆ ಹೊಸ ಅಡ್ರೆಸ್. ಫ್ಲ್ಯಾಗ್ ನಾಲ್ಕು: ಇದು ಕೇಳಿಕೆ (1), ಉತ್ತರ ಬೇಕು (4), ಈಗಾಗಲೇ ಇದ್ದರೆ ಬೇಡ (512), ಇಲ್ಲದಿದ್ದರೆ ಮಾಡು (1024). ಕೂಡಿದರೆ 1541. ಇಂಟೆಲ್ ಮೆಷಿನ್‌ನಲ್ಲಿ ಇಡೀ ಮೆಸೇಜು ಹೀಗೆ:

40 0 0 0, 20 0, 5 6, 1 0 0 0, 0 0 0 0
2 24 0 0, 2 0 0 0
8 0, 2 0, 10 77 0 1
8 0, 1 0, 10 77 0 1

ಒಟ್ಟು 40 ಬೈಟ್. ಮೊದಲ ಸಾಲು ಹೆಡರ್. ಎರಡನೆಯದರಲ್ಲಿ ಐಪಿವಿ4ಗೆ 2, ಪ್ರಿಫಿಕ್ಸ್ 24, ಫ್ಲ್ಯಾಗ್ ಮತ್ತು ಸ್ಕೋಪ್ 0, ಕೊನೆಗೆ ಇಂಡೆಕ್ಸ್. ಗಮನಿಸಿ, ಹೆಡರ್‌ನ ಸಂಖ್ಯೆಗಳು ನಿಮ್ಮ ಮೆಷಿನ್‌ನ ಬೈಟ್ ಕ್ರಮದಲ್ಲಿವೆ, ಐಪಿ ಅಡ್ರೆಸ್ ಮಾತ್ರ ನೆಟ್‌ವರ್ಕ್ ಕ್ರಮದಲ್ಲಿದೆ (ದೊಡ್ಡ ಸ್ಥಾನದ ಬೈಟ್ ಮೊದಲು). ಪೈಥಾನ್‌ನಲ್ಲಿ ಪ್ಯಾಕ್ ಮಾಡುವಾಗ ಫಾರ್ಮ್ಯಾಟ್‌ನ ಮೊದಲಿಗೆ = ಚಿಹ್ನೆ ಹಾಕಿದರೆ ನಡುವೆ ಅದು ತಾನಾಗಿ ಖಾಲಿ ಬೈಟ್ ತುರುಕುವುದಿಲ್ಲ.

ಒಂದೇ ಅಡ್ರೆಸ್ ಎರಡು ಸಲ ಯಾಕೆ? 2 ಅಂದರೆ ಲೋಕಲ್, 1 ಅಂದರೆ ಅಡ್ರೆಸ್. ಡಾಂಗಲ್‌ನಂಥ ಪಾಯಿಂಟ್ ಟು ಪಾಯಿಂಟ್ ಲಿಂಕ್‌ನಲ್ಲಿ ಲೋಕಲ್ ಎಂದರೆ ನಿಮ್ಮದು, ಅಡ್ರೆಸ್ ಎಂದರೆ ಆ ತುದಿಯವರದ್ದು. ಮಾಮೂಲಿ ಈಥರ್ನೆಟ್‌ನಲ್ಲಿ ಎರಡೂ ಒಂದೇ. ಹೆಸರು ನೋಡಿ ಅಡ್ರೆಸ್ ಮಾತ್ರ ಕಳಿಸಿದರೆ ಕರ್ನೆಲ್ ಒಪ್ಪುವುದಿಲ್ಲ, ಐಪಿವಿ4ಗೆ ಲೋಕಲ್ ಕಡ್ಡಾಯ. ಬ್ರಾಡ್‌ಕಾಸ್ಟ್ ಅಡ್ರೆಸ್ ಬೇಕಿದ್ದರೆ ಅದನ್ನೂ ನೀವೇ ಹಾಕಬೇಕು (ಬಗೆ 4), ಕರ್ನೆಲ್ ತಾನಾಗಿ ಲೆಕ್ಕ ಹಾಕಿ ತುಂಬುವುದಿಲ್ಲ.

ಕಳಿಸಿದಿರಿ. ಸೆಂಡ್ ಎರರ್ ಕೊಡಲಿಲ್ಲ. ಖುಷಿ ಪಡಬೇಡಿ, ಉತ್ತರ ಓದಿ! ಸೆಂಡ್ ಗೆದ್ದರೆ ಮೆಸೇಜು ತಲುಪಿತು ಅಂತ ಮಾತ್ರ. ಉತ್ತರದ ಬಗೆ 2, ಹೆಸರು 'ಎರರ್'. ಹೆಸರು ಕೇಳಿ ಗಾಬರಿಯಾಗುತ್ತದೆ, ಆದರೆ ಹೆಡರ್ ಆದ ಮೇಲಿನ 4 ಬೈಟ್ 0 ಇದ್ದರೆ ಕೆಲಸ ಆಯಿತು ಅಂತ ಅರ್ಥ. ಇಲ್ಲದಿದ್ದರೆ ಒಂದು ಋಣ ಸಂಖ್ಯೆ. -1 ಎಂದರೆ ನಿಮಗೆ ನೆಟ್ ಅಡ್ಮಿನ್ ಹಕ್ಕಿಲ್ಲ, -17 ಎಂದರೆ ಆಗಲೇ ಇದೆ, -19 ಎಂದರೆ ಆ ಇಂಟರ್ಫೇಸೇ ಇಲ್ಲ. -22 ಬಂದರೆ 'ಏನೋ ಸರಿಯಿಲ್ಲ' ಅಷ್ಟೇ, ಏನು ಅಂತ ಹೇಳುವುದಿಲ್ಲ, ಮನೇಲಿ ಕೋಪ ಮಾಡಿಕೊಂಡವರ ತರ.

ಅದಕ್ಕೂ ಮದ್ದಿದೆ. ಕರ್ನೆಲ್ 4.12 ರಿಂದ ಸಾಕೆಟ್ ಮೇಲೆ ಎಕ್ಸ್‌ಟೆಂಡೆಡ್ ಆಕ್ ಎಂಬ ಆಯ್ಕೆ ಹಾಕಬಹುದು (ಲೆವೆಲ್ 270, ಆಯ್ಕೆ 11). ಆಗ ತಪ್ಪಿನ ಜೊತೆ ಒಂದು ವಾಕ್ಯವನ್ನೂ ಕಳಿಸುತ್ತದೆ. ಆಯ್ಕೆ 10 ಅನ್ನೂ ಜೊತೆಗೇ ಹಾಕಿಬಿಡಿ, ಆಗ ನಿಮ್ಮ ಇಡೀ ಮೆಸೇಜನ್ನು ವಾಪಸ್ ಕಳಿಸುವ ಬದಲು ಅದರ ಹೆಡರ್ ಮಾತ್ರ ಬರುತ್ತದೆ, ವಾಕ್ಯ ಇರುವ ಆಟ್ರಿಬ್ಯೂಟ್ ಯಾವಾಗಲೂ 36ನೇ ಬೈಟ್‌ನಿಂದಲೇ ಶುರು. ಇದನ್ನು ಮೊದಲ ದಿನವೇ ಮಾಡಿದ್ದರೆ ನನ್ನ ಎರಡು ಸಂಜೆ ಉಳಿಯುತ್ತಿದ್ದವು.

ಇಂಟರ್ಫೇಸ್ ಏಳಿಸಿ, ಆಮೇಲೆ ರೂಟ್

ಲಿಂಕ್ ಅಪ್ ಮಾಡುವುದು ಚಿಕ್ಕ ಕೆಲಸ. ಬಗೆ 16, ಲಿಂಕ್ ಡಬ್ಬಿಯಲ್ಲಿ ಇಂಡೆಕ್ಸ್, ಫ್ಲ್ಯಾಗ್ 1, ಕೊನೆಯ 'ಚೇಂಜ್' ಜಾಗದಲ್ಲೂ 1. ಯಾವ ಫ್ಲ್ಯಾಗ್ ಮುಟ್ಟಬೇಕು ಅಂತ ಹೇಳುವುದೇ ಚೇಂಜ್. ಅಲ್ಲಿ 0 ಬಿಟ್ಟರೆ ಏನೂ ಮುಟ್ಟಬೇಡ ಅಂತ ಅರ್ಥ ಆಗಬೇಕಿತ್ತು ತಾನೆ? ಕರ್ನೆಲ್ ಎಲ್ಲವನ್ನೂ ಮುಟ್ಟುತ್ತದೆ. ಸೋರ್ಸ್ ಕೋಡ್‌ನಲ್ಲಿ ಇದಕ್ಕೆ 'ಬಗ್‌ವರ್ಡ್ಸ್ ಕಂಪ್ಯಾಟಿಬಿಲಿಟಿ' ಅಂತ ಕಾಮೆಂಟ್ ಬರೆದಿದ್ದಾರೆ, ಹಳೇ ತಪ್ಪಿಗೂ ಮರ್ಯಾದೆ.

ರೂಟ್‌ಗೆ ಬಗೆ 24. ಡಬ್ಬಿಯಲ್ಲಿ ಫ್ಯಾಮಿಲಿ 2, ಟೇಬಲ್ 254 (ಮೇನ್), ಪ್ರೋಟೊಕಾಲ್ 4 (ಸ್ಟ್ಯಾಟಿಕ್), ರೂಟ್‌ನ ಬಗೆ 1 (ಯೂನಿಕಾಸ್ಟ್), ಗುರಿಯ ಉದ್ದ 0. ಉದ್ದ 0 ಇದ್ದರೆ ಅದೇ ಡೀಫಾಲ್ಟ್ ರೂಟ್. ಫೈಬರ್‌ಗಾದರೆ ಗೇಟ್‌ವೇ (5), ಹೊರಹೋಗುವ ಇಂಡೆಕ್ಸ್ (4), ಮೆಟ್ರಿಕ್ (6, ಕಡಿಮೆ ಇದ್ದ ರೂಟಿಗೇ ಮೊದಲ ಆದ್ಯತೆ) ಎಂಬ ಮೂರು ಆಟ್ರಿಬ್ಯೂಟ್. ಡಾಂಗಲ್‌ಗೆ ಗೇಟ್‌ವೇ ಬಿಟ್ಟುಬಿಡಿ, ಸ್ಕೋಪ್ 253 ಹಾಕಿ. ನನ್ನ ಶೆಲ್ ಸ್ಕ್ರಿಪ್ಟ್ ಓದಿದ 'ಸ್ಕೋಪ್ ಲಿಂಕ್' ಇದೇ 253.

ಇರುವ ರೂಟ್ ಬದಲಿಸಲು 512ರ ಜಾಗದಲ್ಲಿ 256 ಹಾಕಿ, ಒಟ್ಟು 1285. ಮೆಟ್ರಿಕ್ ಬೇರೆಯಿದ್ದರೆ ಕರ್ನೆಲ್ ಬದಲಿಸುವುದಿಲ್ಲ, ಪಕ್ಕದಲ್ಲಿ ಇನ್ನೊಂದು ರೂಟ್ ಸೇರಿಸುತ್ತದೆ. ಹಳೆಯದು ಹಾಗೇ ಕೂತಿರುತ್ತದೆ, ಅದರ ಮೆಟ್ರಿಕ್ ಕಡಿಮೆಯಿದ್ದರೆ ಟ್ರಾಫಿಕ್ ಎಲ್ಲ ಅಲ್ಲಿಗೇ. ಇನ್ನು -101 ಬಂದರೆ ಹೆಚ್ಚಾಗಿ ಇಂಟರ್ಫೇಸ್ ಡೌನ್ ಇರುತ್ತದೆ. ಅಡ್ರೆಸ್ ಇದ್ದರೂ ಲಿಂಕ್ ಏಳದೆ ಆ ಸಬ್‌ನೆಟ್‌ನ ರೂಟ್ ಹುಟ್ಟುವುದಿಲ್ಲ, ಅದಿಲ್ಲದೆ ಗೇಟ್‌ವೇ ಎಲ್ಲಿದೆ ಅಂತ ಕರ್ನೆಲ್‌ಗೆ ಗೊತ್ತಾಗುವುದಿಲ್ಲ.

ಈಗಿರುವ ಅಡ್ರೆಸ್‌ಗಳ ಪಟ್ಟಿ ಬೇಕಾದರೆ ಬಗೆ 22, ಫ್ಲ್ಯಾಗ್ 769. ಇದಕ್ಕೆ ಯಾವ ಹಕ್ಕೂ ಬೇಡ. ಒಂದು ರಿಸೀವ್‌ನಲ್ಲಿ ಹಲವು ಮೆಸೇಜು ಒಟ್ಟಿಗೆ ಬರುತ್ತವೆ, ಉದ್ದ ನೋಡಿ ಬಿಡಿಸುತ್ತಾ ಹೋಗಿ, ಬಗೆ 3 ಬರುವ ತನಕ ಓದುತ್ತಲೇ ಇರಿ. ಬಫರ್ 32 ಕಿಲೋಬೈಟ್‌ಗಿಂತ ಕಡಿಮೆ ಇಡಬೇಡಿ, ಚಿಕ್ಕದಾದರೆ ಬಾಲ ಸುಮ್ನೆ ಕತ್ತರಿಸಿ ಹೋಗುತ್ತದೆ.

ಕಿವಿಗೊಟ್ಟು ಕೂರುವುದು

ಇನ್ನೊಂದು ಸಾಕೆಟ್ ತೆರೆದು ಬೈಂಡ್‌ನಲ್ಲಿ ಗುಂಪು 81 ಕೊಡಿ. ಲಿಂಕ್ 1, ಐಪಿವಿ4 ಅಡ್ರೆಸ್ 16, ಐಪಿವಿ4 ರೂಟ್ 64. ಇನ್ನು ಯಾರು ಏನು ಬದಲಿಸಿದರೂ ನಿಮಗೆ ಸುದ್ದಿ ಬರುತ್ತದೆ. ಕೇಳಿಕೆಗೂ ಸುದ್ದಿಗೂ ಒಂದೇ ಸಾಕೆಟ್ ಬಳಸಿದರೆ ಉತ್ತರಗಳ ನಡುವೆ ಸುದ್ದಿ ನುಗ್ಗಿ ತಲೆಕೆಡುತ್ತದೆ, ಬೇರೆ ಇಡಿ. ನೀವು ನಿಧಾನಿಸಿದರೆ ಎರರ್ 105 ಬರುತ್ತದೆ: ಬಫರ್ ತುಂಬಿತು, ಕೆಲವು ಸುದ್ದಿ ಬಿದ್ದುಹೋದವು. ಆಗ ನಿಮ್ಮ ನೆನಪಿನ ಪಟ್ಟಿಯನ್ನು ನಂಬದೆ ಮತ್ತೆ ಪೂರ್ತಿ ಪಟ್ಟಿ ಕೇಳಿಕೊಳ್ಳಿ.

ಈ ಸುದ್ದಿ ನನ್ನ ಡಾಂಗಲ್‌ಗೆ ಬಹಳ ಉಪಯೋಗ, ಯಾಕೆಂದರೆ ಅದನ್ನು ಕಿತ್ತು ಚುಚ್ಚಿದಾಗೆಲ್ಲ ಇಂಡೆಕ್ಸ್ ಹೊಸದು. ಫೈಬರ್‌ಗೆ ಮಾತ್ರ ಏನೂ ಉಪಯೋಗವಿಲ್ಲ. ತುಂಡಾದದ್ದು ರಸ್ತೆಯಲ್ಲಿ. ನಮ್ಮ ಮೆಷಿನ್‌ನಿಂದ ಗೋಡೆ ಮೇಲಿನ ಫೈಬರ್ ಡಬ್ಬದ ತನಕ ಕೇಬಲ್ ಸರಿಯಾಗೇ ಇರುತ್ತದೆ, ಕರ್ನೆಲ್ ಪಾಲಿಗೆ ಲಿಂಕ್ ಅಪ್. ಹಾಗಾಗಿ ಐದು ಸೆಕೆಂಡಿಗೊಮ್ಮೆ ಆ ದಾರಿಯಲ್ಲೇ ಹೊರಗಿನ ಒಂದು ಅಡ್ರೆಸ್‌ಗೆ ಪಿಂಗ್ ಮಾಡಿ, ಮೂರು ಸಲ ಉತ್ತರ ಬರದಿದ್ದರೆ ರೂಟ್ ಬದಲಿಸುತ್ತೇನೆ. ನೆಟ್‌ವರ್ಕ್ ಸೆಟ್ಟಿಂಗ್ ತಾನೇ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ಓಡುತ್ತಿದ್ದರೆ ಈ ಇಂಟರ್ಫೇಸ್‌ಗಳನ್ನು ಮುಟ್ಟಬೇಡ ಅಂತ ಅದಕ್ಕೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ನೀವು ಹಾಕಿದ್ದನ್ನು ಅದು ತೆಗೆಯುತ್ತದೆ, ಅದು ತೆಗೆದದ್ದನ್ನು ನೀವು ಹಾಕುತ್ತೀರಿ.

ಎಲ್ಲಾದರೂ ಸಿಕ್ಕಿಬಿದ್ದರೆ 'ಸ್ಟ್ರೇಸ್' (ಪ್ರೋಗ್ರಾಮ್ ಕರ್ನೆಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಕಮಾಂಡ್) ಒಳಗೆ 'ಐಪಿ' ಕಮಾಂಡ್ ಓಡಿಸಿ ನೋಡಿ. ಅದು ನೆಟ್‌ಲಿಂಕ್ ಮೆಸೇಜನ್ನು ಬಿಡಿಸಿ ಹೆಸರು ಸಮೇತ ತೋರಿಸುತ್ತದೆ. ಡಮ್ಮಿಗೆ 10.77.0.1/24 ಹಾಕಲು 'ಐಪಿ' ಕಳಿಸುವುದೂ 40 ಬೈಟೇ, ಅವೇ ನಾಲ್ಕು ಫ್ಲ್ಯಾಗ್, ಮೊದಲು ಲೋಕಲ್, ಆಮೇಲೆ ಅಡ್ರೆಸ್. ನಿಮ್ಮದನ್ನು ಅದರ ಪಕ್ಕ ಇಟ್ಟು ನೋಡಿ. ಕ್ರಮಸಂಖ್ಯೆ ಬಿಟ್ಟು ಬೇರೆ ಏನಾದರೂ ವ್ಯತ್ಯಾಸ ಕಂಡರೆ ತಪ್ಪು ಅಲ್ಲೇ ಇದೆ.