ಏನು ಬೇಕು ಅಂತ ಕೇಳಬೇಡಿ, ನಿನ್ನೆಯ ಚೀಟಿ ಕೇಳಿ

ಸಾಫ್ಟ್‌ವೇರ್ ಮಾಡುವ ಮುಂಚೆ, ಬಳಸುವವರಿಗೆ ಏನು ಬೇಕು ಎಂದು ಕೇಳಿ ತಿಳಿಯಲು ಕೂರುವುದೇ ರಿಕ್ವೈರ್‌ಮೆಂಟ್ ಮೀಟಿಂಗ್. ನನ್ನ ಮೊದಲನೆಯದು ನಡೆದದ್ದು ಮಲೆನಾಡಿನ ಒಂದು ಅಡಿಕೆ ಮಂಡಿಯಲ್ಲಿ. ಬೆಂಗಳೂರಿನಿಂದ ರಾತ್ರಿ ಬಸ್ ಹತ್ತಿ, 30 ಸ್ಲೈಡ್ ಹೊತ್ತುಕೊಂಡು ಹೋಗಿದ್ದೆ. ‘ಸಾಫ್ಟ್‌ವೇರ್‌ನಲ್ಲಿ ನಿಮಗೆ ಏನೇನು ಬೇಕು?’ ಎಂದೆ. ‘ಈಗ ಹೆಂಗಿದೆಯೋ ಹಂಗೇ ಇರಲಿ, ಕಂಪ್ಯೂಟರಲ್ಲಿ ಬಂದ್ರೆ ಸಾಕು’ ಎಂದರು ಸಾಹುಕಾರರು. ಅದನ್ನೇ ಬರೆದುಕೊಂಡು ಬಂದೆ. ನಾಲ್ಕು ತಿಂಗಳು ಕೂತು ಮಾಡಿದೆವು.

ಶುರುವಾದ ದಿನವೇ ಒಬ್ಬ ರೈತರು ಟೆಂಡರಿನ ದರ ನೋಡಿ, ‘ಈ ರೇಟಿಗೆ ಕೊಡಲ್ಲ, ಮೂಟೆ ಇಲ್ಲೇ ಇರಲಿ’ ಎಂದುಬಿಟ್ಟರು. ನಮ್ಮ ಸ್ಕ್ರೀನಿನಲ್ಲಿ ಅದಕ್ಕೆ ಜಾಗವೇ ಇಲ್ಲ! ಹೆಚ್ಚು ದರ ಬರೆದವರಿಗೆ ಮಾರಾಟ, ಅಲ್ಲಿಗೆ ಕತೆ ಮುಗಿಯಿತು ಎಂದುಕೊಂಡಿದ್ದೆವು. ಮಂಡಿಯಲ್ಲಿ ಇದು ದಿನಾ ನಡೆಯುವುದು. ದಿನಾ ನಡೆಯುತ್ತದೆ ಅಂತಲೇ ಯಾರೂ ಹೇಳಿರಲಿಲ್ಲ.

ಹಾಗಾಗಿ ಈಗ ಸ್ಲೈಡ್ ಒಯ್ಯುವುದಿಲ್ಲ. ಮೂರು ಹಳೇ ಕಾಗದ ತೆಗೆದಿಡಲು ಮೊದಲೇ ಫೋನ್ ಮಾಡಿ ಹೇಳುತ್ತೇನೆ: ಸಲೀಸಾಗಿ ಮುಗಿದ ವ್ಯಾಪಾರದ ಪಟ್ಟಿ (ಮಾರಾಟದ ಲೆಕ್ಕ ಬರೆದ ಚೀಟಿ) ಒಂದು, ಜಗಳವಾದದ್ದು ಒಂದು, ಅರ್ಧಕ್ಕೆ ನಿಂತದ್ದು ಒಂದು. ಸರ್ಕಾರಿ ನಿಯಮಗಳನ್ನು ಮನೆಯಲ್ಲೇ ಓದಿಕೊಂಡು ಹೋಗಿ. 50,000 ರೂಪಾಯಿ ದಾಟಿದ ಸರಕು ಸಾಗಿಸಲು ಇ-ವೇ ಬಿಲ್ ಬೇಕು ಎಂಬುದನ್ನು ಅವರ ಬಾಯಿಂದ ಕೇಳಿಸಿಕೊಳ್ಳಲು ಮೀಟಿಂಗ್ ಯಾಕೆ?

ಟೆಂಡರ್ ನಡೆಯುವ ಹೊತ್ತಲ್ಲಿ ಹೋಗಬೇಡಿ. ಊಟ ಮುಗಿದು, ಎಲೆಯಡಿಕೆ ಹಾಕಿಕೊಂಡು ಕೂತ ಹೊತ್ತು ಒಳ್ಳೆಯದು. ಒಂದೂವರೆ ಗಂಟೆ ಸಾಕು. ಸಾಹುಕಾರರ ಜೊತೆ ಗುಮಾಸ್ತರೂ ತೂಕ ಮಾಡುವವರೂ ಇರಲೇಬೇಕು. ದುಡ್ಡು ಕೊಡುವವರು ಒಬ್ಬರು, ಕೀಲಿ ಒತ್ತುವವರು ಇನ್ನೊಬ್ಬರು.

ಕೂತ ಮೇಲೆ ಮೊದಲ ಪಟ್ಟಿ ಎತ್ತಿಕೊಳ್ಳಿ. ‘ಈ ಮೂಟೆ ಗಾಡಿಯಿಂದ ಇಳಿಯಿತು. ಆಮೇಲೆ?’ ಅಷ್ಟೇ ಪ್ರಶ್ನೆ. ಅಡಿಕೆಯ ಬಗೆ ರಾಶಿಯೋ ಬೆಟ್ಟೆಯೋ ಅಂತ ಯಾರು ನೋಡಿದರು, ಲಾಟ್ ನಂಬರ್ ಎಲ್ಲಿ ಬರೆದರು, ಹಮಾಲಿ ಯಾರ ಲೆಕ್ಕಕ್ಕೆ ಹೋಯಿತು ಎಂಬುದೆಲ್ಲ ತಾನಾಗಿ ಬರುತ್ತದೆ. ದೊಡ್ಡ ಹಾಳೆಯಲ್ಲಿ ಎಲ್ಲರಿಗೂ ಕಾಣುವಂತೆ ಬರೆಯುತ್ತಾ ಹೋಗಿ. ಅವರು ‘ಪಟ್ಟಿ’ ಎಂದರೆ ನೀವೂ ಪಟ್ಟಿ ಎಂದೇ ಬರೆಯಿರಿ, ಇನ್‌ವಾಯ್ಸ್ ಅನ್ನಬೇಡಿ.

ಕಷ್ಟ ಇರುವುದು ಇಲ್ಲಿ. ಗುಮಾಸ್ತರನ್ನು ಕೇಳಿದರೆ ಉತ್ತರ ಸಾಹುಕಾರರಿಂದ ಬರುತ್ತದೆ. ಒಮ್ಮೆ ಸಾಹುಕಾರರು, ‘ಚೀಟಿ ಇಲ್ಲದೆ ನಾವು ಮುಂಗಡ ಕೊಡೋದೇ ಇಲ್ಲ’ ಎಂದರು. ಗುಮಾಸ್ತರು ಫ್ಯಾನ್ ನೋಡುತ್ತಿದ್ದರು. ಅಂಥ ಹೊತ್ತಲ್ಲಿ ‘ನಿಜವಾ?’ ಅಂತ ಎಲ್ಲರೆದುರು ಕೆದಕಬಾರದು, ಗುಮಾಸ್ತರ ಕೆಲಸಕ್ಕೇ ಕುತ್ತು. ನಾನು ಹಾಳೆಯ ಮೂಲೆಯಲ್ಲಿ ಸುಮ್ನೆ ಒಂದು ಚುಕ್ಕೆ ಇಟ್ಟೆ. ಚಹಾಕ್ಕೆ ಹೊರಗೆ ಹೋದಾಗ ಗುಮಾಸ್ತರಿಗೆ, ‘ಅಣ್ಣ, ಹಬ್ಬದ ಹೊತ್ತಲ್ಲಿ ಹೇಗೆ ಮಾಡ್ತೀರಿ?’ ಎಂದೆ. ಕಿಸೆಯಿಂದ ಪುಟ್ಟ ಪುಸ್ತಕ ಹೊರಬಂತು. ಬಾಯಿಮಾತಿನ ಮುಂಗಡಗಳೆಲ್ಲ ಅದರಲ್ಲಿದ್ದವು. ಒಳಗೆ ಬಂದು ಯಾರ ಹೆಸರೂ ಎತ್ತದೆ, ‘ಅವಸರಕ್ಕೆ ಮುಂಗಡ ಕೊಡಬೇಕಾಗಿ ಬಂದರೆ ಯಾರ ಒಪ್ಪಿಗೆ ಬೇಕು?’ ಎಂದು ಸಾಹುಕಾರರನ್ನೇ ಕೇಳಿದೆ. ಅವರೇ ದಾರಿ ಹೇಳಿದರು.

‘ಬೇಗ ಆಗಬೇಕು’ ಎಂದರೆ ಬರೆದುಕೊಳ್ಳಬೇಡಿ. ದಿನಕ್ಕೆ ಎಷ್ಟು ಲಾಟ್, ಈಗ ಒಂದು ಪಟ್ಟಿಗೆ ಎಷ್ಟು ನಿಮಿಷ ಅಂತ ಕೇಳಿ. ‘ಇಲ್ಲೊಂದು ಬಟನ್ ಹಾಕಿ’ ಎಂದರೆ, ಅದನ್ನು ಒತ್ತಿದ ಮೇಲೆ ಏನು ಮಾಡುತ್ತೀರಿ ಅಂತ ಕೇಳಿ. ಎಷ್ಟೋ ಸಲ ಬಟನ್ ಬೇಕಾಗಿರುವುದಿಲ್ಲ. ಮಾತು ಜಿಎಸ್‌ಟಿ ಕಡೆ ಜಾರಿದರೆ ಬೇರೆ ಹಾಳೆಯಲ್ಲಿ ‘ಆಮೇಲೆ’ ಎಂದು ಬರೆದಿಡಿ, ಲೆಕ್ಕಪರಿಶೋಧಕರ ಜೊತೆ ಬೇರೆ ಕೂತರಾಯಿತು.

ಏಳುವ ಮುಂಚೆ ಹಾಳೆಯನ್ನು ಜೋರಾಗಿ ಓದಿ. ಯಾರು ಏನು ಕಳಿಸಬೇಕು, ಯಾವ ತಾರೀಕಿಗೆ ಎಂದು ಹೆಸರು ಹಾಕಿ. ಅಂದೇ ರಾತ್ರಿ ಒಂದೇ ಪುಟದಲ್ಲಿ, ಕನ್ನಡದಲ್ಲಿ ಬರೆದು ವಾಟ್ಸಾಪ್ ಮಾಡಿ. ‘ಓಕೆ’ ಅಂತ ಉತ್ತರ ಬಂದರೆ ನಾನು ನಂಬುವುದಿಲ್ಲ. ಪ್ರಿಂಟ್ ತೆಗೆದು, ಕೆಂಪು ಪೆನ್ನಲ್ಲಿ ತಿದ್ದಿ, ಫೋಟೋ ಕಳಿಸಿ ಎನ್ನುತ್ತೇನೆ. ಆ ಗುಮಾಸ್ತರು ಕಳಿಸಿದ ಫೋಟೋದಲ್ಲಿ ಒಂಬತ್ತು ಕಡೆ ಕೆಂಪು ಗೆರೆ, ನಡುವೆ ಚಹಾ ಲೋಟದ ಒಂದು ಉಂಗುರ ಇತ್ತು.