ಮಳೆ ಲೆಕ್ಕದಲ್ಲಿ ಸೊನ್ನೆ ಬೇರೆ, ಖಾಲಿ ಬೇರೆ

ಕಾಫಿ ತೋಟದವರಿಗೆ ಮಳೆ ಲೆಕ್ಕ ಬರೆದಿಡುವ ರೂಢಿ ಹಳೆಯದು. ನೋಟ್‌ಬುಕ್ಕಿನಲ್ಲಿದ್ದ ಇಂಚು, ಸೆಂಟ್‌ಗಳು (ಸೆಂಟ್ ಎಂದರೆ ಇಂಚಿನ ನೂರರಲ್ಲೊಂದು ಪಾಲು) ಈಗ ಎಕ್ಸೆಲ್‌ಗೆ ಬರುತ್ತಿವೆ. ಅಲ್ಲಿ ಎಷ್ಟೋ ಜನ ಒಂದೇ ಕಡೆ ಎಡವುತ್ತಾರೆ. ಅಳತೆ ನೋಡದ ದಿನಕ್ಕೂ ಸೊನ್ನೆ ಬೀಳುತ್ತದೆ. ಸೊನ್ನೆ ಎಂದರೆ ಮಳೆ ಬಂದಿಲ್ಲ ಎಂದು. ಖಾಲಿ ಎಂದರೆ ಗೊತ್ತಿಲ್ಲ ಎಂದು. ಐದು ದಿನದ ಲೆಕ್ಕ ಹೀಗಿದೆ ಅಂದುಕೊಳ್ಳಿ: 2 ಇಂಚು, 0, ನೋಡಿಲ್ಲ, 1, 1. ನೋಡಿದ ನಾಲ್ಕು ದಿನದ ಸರಾಸರಿ 1 ಇಂಚು. ನೋಡದ ದಿನಕ್ಕೆ ಸೊನ್ನೆ ಹಾಕಿದರೆ ಅದು 80 ಸೆಂಟ್‌ಗೆ ಇಳಿಯುತ್ತದೆ.

ಹಂತ 1: ಎ ಕಾಲಂನಲ್ಲಿ ಜೂನ್ ತಿಂಗಳ ತಾರೀಖು, ಬಿ ಕಾಲಂನಲ್ಲಿ ಮಿಲಿಮೀಟರ್ ಅಳತೆ. ಎರಡನೇ ಸಾಲಿನಿಂದ ಶುರು ಮಾಡಿ. ನೋಡದ ದಿನ ಖಾಲಿ ಇರಲಿ.

ಹಂತ 2: ಸಿ ಕಾಲಂನಲ್ಲಿ ಇಂಚು. ಯಡವಟ್ಟಾಗುವುದು ಇಲ್ಲೇ. ಸುಮ್ನೆ =ಬಿ2/25.4 ಎಂದು ಕೊಟ್ಟರೆ ಎಕ್ಸೆಲ್ ಖಾಲಿ ಸೆಲ್ಲನ್ನು ಸೊನ್ನೆ ಅಂತಲೇ ಓದುತ್ತದೆ. ನೀವು ಹಾಕದ ಸೊನ್ನೆಯನ್ನು ಅದೇ ಹಾಕುತ್ತದೆ. ಅದಕ್ಕೆ ಹೀಗೆ ಬರೆಯಿರಿ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ:

=ಇಫ್(ಈಸ್‌ನಂಬರ್(ಬಿ2),ಬಿ2/25.4,ಎನ್‌ಎ())

ಬಿ2ರಲ್ಲಿ ಅಂಕಿ ಇದ್ದರೆ ಇಂಚು ಬರುತ್ತದೆ, ಇಲ್ಲದಿದ್ದರೆ #ಎನ್/ಎ, ಅಂದರೆ ಮಾಹಿತಿ ಇಲ್ಲ ಎಂಬ ಗುರುತು, ಬರುತ್ತದೆ. ಕೆಲವರು ಬಿ2="" ಎಂದು ಪರೀಕ್ಷೆ ಮಾಡುತ್ತಾರೆ. ನನಗದು ಬೇಡವೇ ಬೇಡ. ಡಿಲೀಟ್ ಒತ್ತುವ ಬದಲು ಸ್ಪೇಸ್‌ಬಾರ್ ಒತ್ತಿ ಅಳಿಸುವವರು ಜಾಸ್ತಿ. ಆಗ ಸೆಲ್ ಖಾಲಿ ಕಂಡರೂ ಒಳಗೊಂದು ಸ್ಪೇಸ್ ಉಳಿದಿರುತ್ತದೆ, ಆ ಪರೀಕ್ಷೆಗೆ ಸಿಗುವುದಿಲ್ಲ. ಈಸ್‌ನಂಬರ್ ಅದನ್ನೂ ಹಿಡಿಯುತ್ತದೆ, ಯಾರೋ ಎಳೆದ ಅಡ್ಡಗೆರೆಯನ್ನೂ ಹಿಡಿಯುತ್ತದೆ.

#ಎನ್/ಎ ನೋಡಿ ಗಾಬರಿಯಾಗಿ ಅದನ್ನು ಮುಚ್ಚಲು ಹೋಗಬೇಡಿ. ವಾಟ್ಸಾಪ್‌ನಲ್ಲಿ ಹರಿದಾಡುವ ರೆಡಿಮೇಡ್ ಶೀಟ್‌ಗಳಲ್ಲಿ ಇಫ್‌ಎರರ್ ಹಾಕಿ ಎಲ್ಲವನ್ನೂ ಸೊನ್ನೆ ಮಾಡಿರುತ್ತಾರೆ. ಅಂಥ ಶೀಟ್ ಬಳಸಲೇಬೇಡಿ. ನಿಜವಾದ ತಪ್ಪೂ ಅದರಡಿ ಅಡಗಿಬಿಡುತ್ತದೆ. ಕಣ್ಣಿಗೆ ಕಿರಿಕಿರಿ ಅನಿಸಿದರೆ ಕಂಡಿಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಆ ಸೆಲ್‌ಗಳಿಗೆ ತಿಳಿ ಬೂದು ಬಣ್ಣ ಕೊಡಿ.

ಹಂತ 3: ಸೂತ್ರವನ್ನು ಸಿ31ರವರೆಗೆ ಎಳೆಯಿರಿ.

ಹಂತ 4: ಮಾಮೂಲಿ ಸಮ್, ಆವರೇಜ್ ಕೊಟ್ಟರೆ ಉತ್ತರವೂ #ಎನ್/ಎ ಆಗುತ್ತದೆ. ಒಟ್ಟು ಮಳೆಗೆ =ಸಮ್‌ಇಫ್(ಸಿ2:ಸಿ31,">=0"), ಸರಾಸರಿಗೆ =ಆವರೇಜ್‌ಇಫ್(ಸಿ2:ಸಿ31,">=0"). ಪಕ್ಕದಲ್ಲೇ =30-ಕೌಂಟ್(ಬಿ2:ಬಿ31) ಹಾಕಿ. ಎಷ್ಟು ದಿನದ ಅಳತೆ ಇಲ್ಲ ಅಂತ ಅದು ಹೇಳುತ್ತದೆ. ಈ ಸಂಖ್ಯೆ ಜೊತೆಗಿಲ್ಲದ ಒಟ್ಟು ಮಳೆಯನ್ನು ಯಾರಿಗೂ ಕೊಡಬೇಡಿ.

ಕಾಲಂ ಚಾರ್ಟ್ ಮಾಡಿದರೆ ಸೊನ್ನೆಗೂ ಕಂಬ ಇಲ್ಲ, #ಎನ್/ಎಗೂ ಕಂಬ ಇಲ್ಲ. ನೋಡದ ದಿನ ಯಾವುದು ಅಂತ ಚಾರ್ಟ್ ಕೆಳಗೆ ಬರೆಯಲೇಬೇಕು.

ಇನ್ನೊಂದು ವಿಷಯ. ಭಾನುವಾರ ಮಳೆಮಾಪಕ ನೋಡಿಲ್ಲ, ನೀರೂ ಚೆಲ್ಲಿಲ್ಲ ಅಂದರೆ ಸೋಮವಾರದ ಅಳತೆಯಲ್ಲಿ ಎರಡೂ ದಿನದ ಮಳೆ ಸೇರಿರುತ್ತದೆ. ಅದನ್ನು ಅರ್ಧರ್ಧ ಹಂಚಬೇಡಿ. ಯಾವ ದಿನ ಎಷ್ಟು ಬಂತು ಅಂತ ನಿಮಗೆ ಗೊತ್ತಿಲ್ಲ ಅಲ್ವಾ? ಡಿ ಕಾಲಂನಲ್ಲಿ 'ಭಾನುವಾರದ್ದೂ ಸೇರಿದೆ' ಎಂದು ಬರೆಯಿರಿ. ತಿಂಗಳಲ್ಲಿ ತಪ್ಪಿದ್ದು ಅದೊಂದೇ ದಿನವಾದರೆ ಒಟ್ಟು ಸರಿಯಾಗಿಯೇ ಇರುತ್ತದೆ. ಆಗ ಸರಾಸರಿಗೆ ಆವರೇಜ್‌ಇಫ್ ಬೇಡ, ಒಟ್ಟನ್ನು 30ರಿಂದ ಭಾಗಿಸಿ.